ಐವತ್ತೊಂಬತ್ತು ದಿನದ ಗಂಡ

ಸರಕಾರಕ್ಕೆ ಸುಳ್ಳು ಹೇಳದವರು ನಮ್ಮ ದೇಶದಲ್ಲಿ ಬಹಳ ಜನ ಇರಲಾರರು. ತೀರಿಕೊಂಡು ಐದು ವರ್ಷವಾದ ಅಜ್ಜಿ ರೇಷನ್ ಕಾರ್ಡಿನಲ್ಲಿ ಇನ್ನೂ ಸಕ್ಕರೆ ತಿನ್ನುತ್ತಿರುತ್ತಾಳೆ. ಊರಿನ ಅರ್ಧ ಮಕ್ಕಳು ಶಾಲೆಯ ದಾಖಲೆಯಲ್ಲಿ ಜೂನ್ ಒಂದನೆಯ ತಾರೀಖಿಗೇ ಹುಟ್ಟಿರುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ವಿಮೆ ಕಚೇರಿಯಲ್ಲಿ ಜನ ತುಂಬಿಕೊಟ್ಟ ಫಾರಮುಗಳಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅಂಥ ನಾನೇ ಕೈಯಾರೆ ಬರೆದು ಸಹಿ ಮಾಡಿದ ಒಂದು ಸುಳ್ಳು ಅಹಮದಾಬಾದಿನ ಆದಾಯ ತೆರಿಗೆಯ ಕಡತದಲ್ಲಿ ಕೂತಿದೆ. ನವರಂಗಪುರದ ನನ್ನ ಮನೆಯಲ್ಲಿ ನನ್ನ ಗಂಡನಿಗೆ ಜಾಗವಿಲ್ಲ ಎಂದು ಅದರಲ್ಲಿ ಬರೆದಿದ್ದೇನೆ.

ನನ್ನನ್ನು ಗಯ್ಯಾಳಿ ಎಂದುಕೊಳ್ಳುವ ಮೊದಲು ಪೂರ್ತಿ ಕೇಳಿ. ನಾವು ಧಾರವಾಡದ ಕಡೆಯವರು. ನಮ್ಮವರು ಇಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ಮಗ್ಗ ಜೋಡಿಸುವ ಕೆಲಸಕ್ಕೆ ಬಂದವರು. ಕೈ ಚೆನ್ನಾಗಿತ್ತು, ಬಾಯಿ ಚೆನ್ನಾಗಿರಲಿಲ್ಲ. ಮ್ಯಾನೇಜರನ ಜೊತೆ ಜಗಳಾಡಿ ನೌಕರಿ ಬಿಟ್ಟರು. ಆಮೇಲೆ ಆಫ್ರಿಕಾದಲ್ಲಿ ಹೊಸ ಗಿರಣಿಗಳು ಏಳುತ್ತಿವೆಯೆಂದು ತಿಳಿದು, ಕರೆದವರ ಊರಿಗೆ ಹೋಗಿ, ಮಗ್ಗ ಜೋಡಿಸಿ, ಮುಂದಿನ ಊರಿಗೆ ನಡೆಯುವ ಸ್ವಂತ ಕಸುಬು ಹಿಡಿದರು. ಒಂದು ನಾಲ್ಕು ವರ್ಷ ಹೀಗೆ ದುಡಿದು ಬಂದು ಬರೋಡಾದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಹಾಕುವುದು, ಆಮೇಲೆ ಎಲ್ಲಿಗೂ ಹೋಗದಿರುವುದು ಎಂಬುದು ನಮ್ಮಿಬ್ಬರ ಆಸೆ. ಪಕ್ಕದ ಮನೆಯ ಕಾಂತಾಬೇನ್‌ಗೆ ಇದೊಂದೂ ತಿಳಿಯುತ್ತಿರಲಿಲ್ಲ. "ಯಾವ ಕಂಪನಿ?" ಎಂದು ಕೇಳುವರು. "ಯಾವ ಕಂಪನಿಯೂ ಅಲ್ಲ" ಎಂದರೆ, ಪಾಪ, ಗಂಡ ಬಿಟ್ಟು ಹೋಗಿರುವುದನ್ನು ಹೀಗೆ ಮುಚ್ಚುತ್ತಿದ್ದಾಳೆ ಎಂದುಕೊಂಡು ಒಂದು ಬಟ್ಟಲು ಢೋಕಳಾ ಕಳಿಸುವರು. ಢೋಕಳಾ ಚೆನ್ನಾಗಿರುತ್ತಿದ್ದುದರಿಂದ ನಾನೂ ಹೆಚ್ಚು ವಿವರಿಸಲು ಹೋಗಲಿಲ್ಲ.

ಮೊದಲನೆಯ ಸಲ ಅವರು ಬಂದಾಗ ಇಪ್ಪತ್ತೊಂಬತ್ತು ದಿನ ಇದ್ದು, ಚೌತಿ ಎರಡು ದಿನ ಇದೆ ಎನ್ನುವಾಗ ಹೊರಟುಬಿಟ್ಟರು. ಕಾರಣ, ತೆರಿಗೆ ವಕೀಲರಾದ ರಮಣಭಾಯಿ. ಇಲ್ಲಿ ಮನೆ ಇಟ್ಟುಕೊಂಡವನು ವರ್ಷದಲ್ಲಿ ಮೂವತ್ತು ದಿನ ಇಲ್ಲಿದ್ದರೆ ಸಾಕು, ಕಾನೂನಿನ ಪ್ರಕಾರ ಅವನು ಇಲ್ಲಿಯ ನಿವಾಸಿ. ಅಲ್ಲಿ ದುಡಿದದ್ದಕ್ಕೆ ಅಲ್ಲೂ ಕಟ್ಟಬೇಕು, ಇಲ್ಲೂ ಕಟ್ಟಬೇಕು. ಹಾಗಾದರೆ ವರ್ಕ್‌ಶಾಪಿಗೆ ಎಳ್ಳುನೀರು. ಆ ವರ್ಷದ ಕಡುಬನ್ನು ನಾನೊಬ್ಬಳೇ ತಿಂದೆ. ಮಾಡಿದ್ದು ಇಪ್ಪತ್ತೊಂದು, ಇಳಿದದ್ದು ಒಂದೂವರೆ.

ಮರುವರ್ಷ ಅವರು ಬರುವ ಮೊದಲೇ ನಾನು ವಕೀಲರ ಮುಂದೆ ಹೋಗಿ ಕೂತೆ. ಏನಾದರೂ ಮಾಡಿ, ನಾಲ್ಕು ದಿನ ಹೆಚ್ಚಿಗೆ ಕೊಡಿ ಎಂದೆ. ಕಿರಾಣಿ ಅಂಗಡಿಯಲ್ಲಿ ಬೇಳೆ ಕೇಳಿದಂತೆಯೇ ಕೇಳಿದೆನೆಂದು ಕಾಣುತ್ತದೆ, ಅವರು ನಕ್ಕರು. ಆಮೇಲೆ ಕನ್ನಡಕ ತೆಗೆದಿಟ್ಟು, "ಬೇನ್, ಆ ಘರ್ ಕೋನಾ ಮಾಟೇ ಛೇ?" ಎಂದು ಕೇಳಿದರು. ಈ ಮನೆ ಯಾರ ಸಲುವಾಗಿ?

"ಅವರ ಸಲುವಾಗಿ. ಮತ್ಯಾರ ಸಲುವಾಗಿ?" ಎಂದೆ.

"ಅದೇ ತೊಂದರೆ" ಎಂದರು. ಬಾಡಿಗೆ ಚೀಟಿ ನನ್ನ ಹೆಸರಿನಲ್ಲಿದೆ, ಬಾಡಿಗೆ ನನ್ನ ಸಂಬಳದ್ದು. ಈ ಮನೆ ನನ್ನೊಬ್ಬಳದು, ಗಂಡನಿಗಾಗಿ ಇಲ್ಲಿ ಮನೆ ಇಟ್ಟಿಲ್ಲ ಎಂದು ಬರೆದುಕೊಟ್ಟರೆ ಮೂವತ್ತು ದಿನದ ಗೋಜಿಲ್ಲ. ಅರವತ್ತು ತುಂಬದಂತೆ ನೋಡಿಕೊಂಡರಾಯಿತು. ಅಂದರೆ ಅವರಿಗೆ ಮನೆ ಇದೆ ಎಂದರೆ ಇಪ್ಪತ್ತೊಂಬತ್ತು ದಿನ, ಇಲ್ಲ ಎಂದರೆ ಐವತ್ತೊಂಬತ್ತು ದಿನ. ಇಂಥ ಕಾನೂನು ಮಾಡಿದ ಪುಣ್ಯಾತ್ಮನಿಗೆ ಮದುವೆಯಾಗಿರಲಿಕ್ಕಿಲ್ಲ.

ಬರೆದೆ. ಬರೆಯುವುದೆಂದರೆ ನನಗೆ ಹುರುಪು ಬಂದುಬಿಡುತ್ತದೆ. "ಸದರಿ ವ್ಯಕ್ತಿಗೆ ಸದರಿ ಮನೆಯಲ್ಲಿ ಯಾವುದೇ ಹಕ್ಕಾಗಲಿ, ವಾಸದ ಏರ್ಪಾಡಾಗಲಿ, ಮುಂದೆ ಆಗುವ ಸಂಭವವಾಗಲಿ ಇರುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಸೊಗಸಾಗಿ ಕಟ್ಟಿದೆ. ರಮಣಭಾಯಿ ಓದಿ, ಸಂಭವದ ಮಾತು ಬೇಡ ಬೇನ್, ಇದು ವಿಚ್ಛೇದನದ ಅರ್ಜಿಯಲ್ಲ ಎಂದು ಅದನ್ನು ಹೊಡೆದುಹಾಕಿದರು. ನಕಲನ್ನು ನಮ್ಮವರಿಗೂ ಕಳಿಸಿದ್ದೆ. ತಿಂಗಳಾದ ಮೇಲೆ ಉತ್ತರ ಬಂತು: "ಕಾಗದ ಮುಟ್ಟಿತು. ಭಾಳ ಛಲೋ ಬರದಿ. ಓದಿದ ಮ್ಯಾಲೆ ಒಂದು ದಿವಸ ಊಟ ಸೇರಲಿಲ್ಲ."

ಸುಳ್ಳು ಬರೆದ ಮೇಲೆ ನನಗೆ ಹೆದರಿಕೆ ಹತ್ತಿತು. ಯಾರಾದರೂ ಬಂದು ನೋಡಿದರೆ? ಸುಳ್ಳನ್ನಾದರೂ ಸರಿಯಾಗಿ ಮಾಡೋಣವೆಂದು ಒಂದು ಭಾನುವಾರ ಸೆರಗು ಕಟ್ಟಿ ಅವರ ಸಾಮಾನು ತೆಗೆಯಲು ನಿಂತೆ. ಗೂಟದ ಮೇಲಿನ ಕೋಟು, ಗಡ್ಡದ ಬ್ರಷ್ಷು, ಕಿಟಕಿಯ ಹತ್ತಿರದ ಮಂಚ. ಮಂಚವನ್ನು ಕಾಂತಾಬೇನ್ ಮನೆಗೆ ಸಾಗಿಸಿದೆ; ಅವರು ಕಣ್ಣೀರು ಹಾಕಿ ಎರಡು ಬಟ್ಟಲು ಢೋಕಳಾ ಕೊಟ್ಟರು. ಎಲ್ಲ ಆದ ಮೇಲೆ ನೋಡುತ್ತೇನೆ, ಕೋಣೆಯಲ್ಲಿ ಉಳಿದದ್ದು ನಾನೊಬ್ಬಳೇ. ಒಂದು ವರ್ಷದಿಂದ ನಾನು ಒಂಟಿಯಾಗಿಯೇ ಇದ್ದೆ, ಆದರೆ ಅಷ್ಟು ಒಂಟಿ ಎಂದು ಗೊತ್ತಿರಲಿಲ್ಲ. ಟ್ರಂಕಿನಿಂದ ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡು ಚೆನ್ನಾಗಿ ಅತ್ತೆ. ಅತ್ತು, ಮಡಚಿ, ನುಸಿಗುಳಿಗೆ ಹಾಕಿ ಮತ್ತೆ ಟ್ರಂಕಿನಲ್ಲಿಟ್ಟೆ.

ಅವರು ಬಂದ ಹಡಗು ಜಾಗ ಸಿಗದೆ ಮುಂಬಯಿ ಬಂದರಿನ ಹೊರಗೆ ಒಂದು ದಿನ ನಿಂತಿತು. ಆ ದಿನ ಗಂಡ ಭಾರತದಲ್ಲಿದ್ದನೇ, ಸಮುದ್ರದಲ್ಲಿದ್ದನೇ? ರಮಣಭಾಯಿ ಯೋಚಿಸಿ, ಎಣಿಸಿಬಿಡುವುದು ಕ್ಷೇಮ ಎಂದರು. ಮುಖವನ್ನೇ ನೋಡದೆ ನನ್ನದೊಂದು ದಿನ ಖರ್ಚಾಯಿತು. ಕೊನೆಗೆ ಬಂದರು, ಇನ್ನಷ್ಟು ಕಪ್ಪಾಗಿ, ಇನ್ನಷ್ಟು ಬಡಕಲಾಗಿ. ಹೊಸ್ತಿಲ ಹೊರಗೆ ನಿಂತು, "ಒಳಗ ಬರಬಹುದೇನ್ರೀ ಬಾಯಾರ?" ಎಂದರು. "ಏರ್ಪಾಡು ಇಲ್ಲ, ಚಾಪಿ ಮ್ಯಾಲೆ ಕೂಡ್ರಬೇಕಾಗ್ತದ" ಎಂದೆ. ಇಬ್ಬರಿಗೂ ನಗು ತಡೆಯಲಿಲ್ಲ.

ಚೌತಿ ಬಂತು, ಕಡುಬು ಖರ್ಚಾದವು. ನಲ್ಲಿಯ ಸೋರಿಕೆ ನಿಂತಿತು. ಹೊಲಿಗೆ ಯಂತ್ರ ಕೇಳದಿದ್ದರೂ ಬಿಚ್ಚಿಸಿಕೊಂಡಿತು. ಬೇಳೆಗೆ ಉಪ್ಪು ಹೆಚ್ಚಾಯಿತೆಂದು ಅವರು, ಒದ್ದೆ ಟವೆಲ್ಲು ಎಲ್ಲೆಂದರಲ್ಲಿ ಎಸೆಯುತ್ತೀರೆಂದು ನಾನು ಜಗಳಾಡಿದೆವು. ಒದ್ದೆ ಟವೆಲ್ಲು ನೋಡಿ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದು ಅವರಿಗೆ ಹೇಳಲಿಲ್ಲ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಎಳೆಯುತ್ತಿದ್ದೆ.

ಐವತ್ತೆಂಟನೆಯ ದಿನ ಸಂಜೆಯ ಗಾಡಿಗೆ ಹೋಗಬೇಕು. ಮಾರನೆಯ ದಿನ ಮುಂಬಯಿಯಲ್ಲಿ ಹಡಗು. ಮಧ್ಯಾಹ್ನ ಊಟವಾದ ಮೇಲೆ ನಾನು ಅವರ ಡಬ್ಬಿಗೆ ಚಟ್ನಿಪುಡಿ ತುಂಬುತ್ತಿದ್ದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು: "ಸುಶೀ, ಈ ಹಡಗ ತಪ್ಪಿಸಿಬಿಟ್ರ ಏನಾಗ್ತದ?"

ನಾನು ಡಬ್ಬಿಯಿಂದ ತಲೆಯೆತ್ತದೆ ಹೇಳಿದೆ: "ಅರವತ್ತು ದಾಟತದ್ರೀ. ದಾಟಿದ್ರ ಇಡೀ ವರ್ಷ ನೀವು ಇಲ್ಲಿಯ ನಿವಾಸಿ ಅಂತ ಲೆಕ್ಕ."

"ಇಲ್ಲಿಯ ನಿವಾಸಿ" ಎಂದರು.

"ಹೌದ್ರೀ. ಅಲ್ಲಿ ದುಡದದ್ದಕ್ಕೂ ಇಲ್ಲಿ ತೆರಿಗಿ ಬೀಳತದ. ಹಡಗು ಹೊರಗ ನಿಂತ ದಿವಸಾನೂ ನಾ ಹಿಡದೇನಿ, ತಪ್ಪಿಲ್ಲ."

ಅವರು ಚೌಕಟ್ಟಿನಿಂದ ಬೆನ್ನು ತೆಗೆದರು. ಆಮೇಲೆ, "ಮತ್ತ ಹಗ್ಗ ಎಲ್ಲದ? ಹಾಸಿಗಿ ಕಟ್ಟತೀನಿ" ಎಂದು ಒಳಗೆ ಹೋದರು.

ಗಾಡಿ ಹೊರಟಿತು. ಕೈ ಬೀಸಿದೆ. ಹೊರಗೆ ಬಂದು, ಬಸ್ಸು ಹತ್ತಿ, ಟಿಕೀಟು ತೆಗೆದುಕೊಂಡು, ಸೇತುವೆ ಅರ್ಧ ದಾಟಿದ ಮೇಲೆ ನನಗೆ ಹೊಳೆಯಿತು: ಅವರು ಕೇಳಿದ್ದು ತೆರಿಗೆಯ ಮಾತಾಗಿರಲಿಲ್ಲ. ಕಾನೂನು ಅವರಿಗೆ ನನ್ನಷ್ಟೇ ಗೊತ್ತಿತ್ತು. ಇರ್ರಿ ಎಂದು ನಾನೊಂದು ಮಾತು ಅಂದಿದ್ದರೆ, ವರ್ಕ್‌ಶಾಪು ಹಾಳಾಗಿ ಹೋಗಲಿ, ಅವರು ಇದ್ದುಬಿಡುತ್ತಿದ್ದರು. ಆ ಮಾತು ಒಂದು ವರ್ಷದಿಂದ ನನ್ನ ಗಂಟಲಲ್ಲೇ ಇತ್ತು.

ಮರುದಿನ ಕಚೇರಿಯಲ್ಲಿ ಹೊಸ ಹುಡುಗಿಯೊಬ್ಬಳಿಗೆ ನಮ್ಮ ಸಾಹೇಬರು ನನ್ನನ್ನು ತೋರಿಸಿ, ಏನು ಕೇಳುವುದಿದ್ದರೂ ಈ ಬೇನ್ ಅವರನ್ನೇ ಕೇಳು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುವವರು ಇಲ್ಲಿ ಇವರೊಬ್ಬರೇ ಎಂದರು. ನಾನೂ ಹಿಂದಿನ ಸಂಜೆಯವರೆಗೆ ಹಾಗೆಯೇ ತಿಳಿದಿದ್ದೆ.