ಕಬ್ಬಿಣದ ಪೈಪಿಗೆ ಪ್ಲಾಸ್ಟಿಕ್ ಪೈಪಿನ ಸಂಬಂಧ

ನಳದ ಕೆಲಸ ಮಾಡುವವನಿಗೆ ನೀರು ಬರಬೇಕಾದ ಕಡೆ ಬರುವುದು ಕಡಿಮೆ, ನಗು ಬರಬಾರದ ಕಡೆ ಬರುವುದೇ ಹೆಚ್ಚು. ಎಂಬತ್ತರ ಆಚೀಚೆ ನಮ್ಮ ಕೊಟ್ಟೂರಿಗೆ ಪ್ಲಾಸ್ಟಿಕ್ ಪೈಪು ಬಂದ ಮೇಲಂತೂ ಮನೆಗೊಂದು ಗೊಂದಲ. ಹಳೆಯ ಕಬ್ಬಿಣದ ಪೈಪಿಗೆ ಅದನ್ನು ಜೋಡಿಸುವುದು ಹೇಗೆಂದು ನಮಗೆ ಕಲಿಸಿದವರೇ ಇರಲಿಲ್ಲ.

೧. ಅಂಟು

ಕೂಡ್ಲಿಗಿಯ ಮೇಷ್ಟ್ರೊಬ್ಬರು ಹಿತ್ತಲ ನಳಕ್ಕೆ ಹೊಸ ಪೈಪು ಹಾಕಿಸಿದರು. ಕಬ್ಬಿಣವನ್ನು ತಿರುಗಿಸಿ ಕೂಡಿಸಬೇಕು, ಪ್ಲಾಸ್ಟಿಕ್ಕನ್ನು ಅಂಟಿಸಬೇಕು. ಎರಡೂ ಎದುರಾದರೆ? ಅಂಗಡಿಯವನನ್ನು ಕೇಳಿದೆ, ಅವನು ನನ್ನನ್ನೇ ಕೇಳಿದ. ಕೊನೆಗೆ ಧೈರ್ಯ ಮಾಡಿ ಎರಡಕ್ಕೂ ಅಂಟು ಬಳಿದು, ಒಣಗುವ ತನಕ ಗಟ್ಟಿ ಹಿಡಿದುಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿದೆ. ಒಣಗಿತೆಂದುಕೊಂಡು ನೀರು ಬಿಟ್ಟದ್ದೇ ತಡ, ಪೈಪು ಕಳಚಿ ಮೇಷ್ಟ್ರು ತೊಯ್ದು ಹೋದರು. ಇನ್ನು ಕೈ ಬಿಡಿ ಸಾರ್ ಅಂದೆ.

"ಹೆಂಗ ಬಿಡ್ಲೋ? ಕಬ್ಬಿಣಕ್ಕ ಹತ್ತಲಿಲ್ಲ ಇದು, ನನಗ ಹತ್ತೇತಿ."

೨. ರುಚಿ

ಮುಂದೆ ಒಂದು ಕಡೆ ತಿರುಗಿಸಲು, ಇನ್ನೊಂದು ಕಡೆ ಅಂಟಿಸಲು ಬರುವ ತುಂಡು ಅಂಗಡಿಗೆ ಬಂತು. ಸೋರುವುದು ನಿಂತಿತು, ಗೊಂದಲ ನಿಲ್ಲಲಿಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಿ ಬಾಗಿಲ ತನಕ ಹಳೆಯ ಕಬ್ಬಿಣ ಉಳಿಸಿ, ಅಲ್ಲಿಂದ ಅಡಿಗೆಮನೆಗೆ ಪ್ಲಾಸ್ಟಿಕ್ ಹಾಕಿದೆ. ಆ ಮನೆಯ ಅಜ್ಜ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಮೊದಲಿನ ನೀರಿಗೆ ಬಣ್ಣ ಇತ್ತು, ರುಚಿ ಇತ್ತು, ಇದು ಬರೇ ಸಪ್ಪೆ ಎಂಬುದು ಅವನ ದೂರು. ಬಾಗಿಲ ತನಕ ಅದೇ ಹಳೆಯ ಪೈಪಿನಲ್ಲೇ ಬರುತ್ತದೆ ಎಂದು ಕರೆದೊಯ್ದು ತೋರಿಸಿದೆ. ಅಜ್ಜ ಹಳೆಯ ಪೈಪನ್ನು ಒಮ್ಮೆ ತಟ್ಟಿ ನೋಡಿದ.

"ಹಂಗಾದ್ರ ಪ್ಲಾಸ್ಟಿಕ್ಕಿಂದು ಸೊಸಿಗೆ ಇರಲಿ. ನನಗ ಕಬ್ಬಿಣದ್ದು ಬ್ಯಾರೆ ಹಿಡಿದು ಕೊಡು."

೩. ಹಿತ್ತಲ ಪೈಪು

ಹರಪನಹಳ್ಳಿಯ ಗುಮಾಸ್ತರೊಬ್ಬರ ಮಗಳನ್ನು ನೋಡಲು ಅಂದು ಸಂಜೆ ಗಂಡಿನವರು ಬರುವವರಿದ್ದರು. ಆ ಸಂಬಂಧ ಮುಂದೆ ಕುದುರಿತೆನ್ನಿ. ಅಂದು ಮಾತ್ರ ಗುಮಾಸ್ತರಿಗೆ ಕೈಕಾಲೇ ಆಡುತ್ತಿರಲಿಲ್ಲ, ಬಂದವರು ಕಾಲು ತೊಳೆಯಲು ಅಂಗಳದಲ್ಲಿ ನಳವಿಲ್ಲ. ಪರ ಊರಿನಲ್ಲಿ ನೌಕರಿ ಮಾಡುವ ಅವರಿಗೆ ತಮ್ಮ ಮನೆಯ ಮೂಲೆಗಳೇ ಸರಿಯಾಗಿ ಗೊತ್ತಿರಲಿಲ್ಲ. ಹಿತ್ತಲ ನೆಲದಿಂದ ಎದ್ದಿದ್ದ ಒಂದು ಕಬ್ಬಿಣದ ಪೈಪು ತೋರಿಸಿ, ಇದರಿಂದಲೇ ಎಳೆದುಬಿಡು ಅಂದರು. ಪೈಪಿನ ಬಾಯಿ ಹಸಿಯಾಗಿಯೇ ಇತ್ತು, ಊರಿಗೆ ನೀರು ಬಿಡುವ ಹೊತ್ತೂ ಆಗಿರಲಿಲ್ಲ, ನನಗೂ ಅನುಮಾನ ಬರಲಿಲ್ಲ. ಪ್ಲಾಸ್ಟಿಕ್ ಜೋಡಿಸಿ ಅಂಗಳದ ತನಕ ಎಳೆದು ನಳ ಕೂಡಿಸಿದೆ.

ಗಂಡಿನವರು ಬಂದರು. ಗುಮಾಸ್ತರು ಹೆಮ್ಮೆಯಿಂದ ನಳ ತಿರುವಿದರು. ಹನಿಯೂ ಇಲ್ಲ. ಬಿಚ್ಚಿದೆ, ಊದಿದೆ, ಮತ್ತೆ ಕೂಡಿಸಿದೆ. ಬೀಗರಾಗುವವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕಾಯುತ್ತ ನಿಂತರು. ಅಷ್ಟರಲ್ಲಿ ಗುಮಾಸ್ತರ ತಾಯಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹಿತ್ತಲಿಗೆ ಬಂದು, ಪೈಪಿನ ಬಾಯಿ ಯಾರು ಮುಚ್ಚಿದ್ದು ಎಂದು ಕೇಳಿದರು. ನಳಕ್ಕೆ ಜೋಡಿಸಿದ್ದೇನೆ, ನೀರು ಇನ್ನೇನು ಬರುತ್ತದೆ ಅಂದೆ.

ಮುದುಕಿ ನನ್ನನ್ನೂ ಮಗನನ್ನೂ ಒಮ್ಮೆ ನೋಡಿದರು.

"ಅದು ಕರೆಂಟಿನ ಅರ್ಥಿಂಗ್ ಪೈಪಲೇ. ನೆಲ ಒಣಗಬಾರದು, ದಿನಾ ಒಂದು ಕೊಡ ನೀರು ಹಾಕು ಅಂತ ಕರೆಂಟಿನವ ಹೇಳಿ ಹೋಗ್ಯಾನ. ನಾನು ಹಾಕಿದ್ದನ್ನೆಲ್ಲ ವಾಪಸ್ ಕೇಳಾಕ ಹತ್ತೀರೇನು?"