ಆರು ತುಂಡಿನ ರೋಗ

ರಜೆ ಅರ್ಜಿಯಲ್ಲಿ ಬೆನ್ನುನೋವು ಅಂತ ಬರೆದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಶಿರಸಿಯ ಸಹಕಾರಿ ಸಂಘವೊಂದರ ಗುಮಾಸ್ತ ವೀರಪ್ಪನಿಗೆ ಮೂವತ್ತಾರು ತುಂಬಿತ್ತು. ಅವತ್ತು ಸಂಜೆ ನಾಲ್ಕಕ್ಕೆ ಯಲ್ಲಾಪುರದಲ್ಲಿ ಹೆಣ್ಣು ನೋಡುವುದಿತ್ತು. ಹಿಂದಿನ ಏಳು ಸಂಬಂಧ ಮುರಿದಾಗಲೂ ಆಫೀಸಿನವರು ನಕ್ಕಿದ್ದರು. ಅದಕ್ಕೇ ಈ ಸಲ ಗುಟ್ಟಾಗಿ ಹೋಗಲು ರೋಗದ ನೆವ ಮಾಡಿದ್ದ.

"ಸಣ್ಣ ರೋಗ ಬರದ್ರ ಯಾರೂ ನಂಬೂದಿಲ್ಲೋ" ಎಂದು ಗುಟ್ಟು ಗೊತ್ತಿದ್ದ ಪಕ್ಕದ ಮೇಜಿನ ಸುಭಾಷ್ ಮೊಬೈಲಿನಲ್ಲಿ ಹುಡುಕಿ ಬೆನ್ನೆಲುಬಿನ ಉದ್ದ ಹೆಸರಿನ ರೋಗವೊಂದನ್ನು ಬರೆಸಿದ್ದ.

ಮ್ಯಾನೇಜರ್ ಗಂಗಾಂಬಿಕಾ ಅರ್ಜಿಯನ್ನು ಎರಡು ಸಲ ಓದಿದರು. "ಏನ್ರಿ ಇದು? ಬಾಯಿಂದ ಹೇಳ್ರಿ ನೋಡೋಣ."

"ಸ್ಪಾಂ... ಸ್ಪಾಂಡು..."

"ನಿಮ್ಮ ರೋಗದ ಹೆಸರು ನಿಮಗ ಬರೂದಿಲ್ಲಂದ್ರ ಹೆಂಗ್ರಿ? ಒಂದು ಗಂಟೆಯೊಳಗ ಹೇಳ್ರಿ, ಸಹಿ ಹಾಕ್ತೀನಿ. ಇಲ್ಲಾಂದ್ರ ಕುರ್ಚಿ ಬಿಟ್ಟು ಏಳಬ್ಯಾಡ್ರಿ."

ಒಂದೂವರೆಯ ಬಸ್ಸು ತಪ್ಪಿದರೆ ಹೆಣ್ಣೂ ತಪ್ಪಿದಂತೆಯೇ. ಸುಭಾಷ್ ಚೀಟಿಯಲ್ಲಿ ಹೆಸರನ್ನು ಆರು ತುಂಡು ಮಾಡಿಕೊಟ್ಟ: ಸ್ಪಾಂ, ಡಿ, ಲೋ, ಲಿಸ್, ಥೀ, ಸಿಸ್. ವೀರಪ್ಪ ಬೆರಳು ಮಡಿಚಿ ಹೇಳತೊಡಗಿದ. ಹಾಳಾದ್ದು, ಕೈಗೆ ಐದೇ ಬೆರಳು. ಆರನೆಯ ತುಂಡು ಪ್ರತಿಸಲವೂ ಬಿದ್ದುಹೋಗುತ್ತಿತ್ತು.

ಸಂಘದಲ್ಲಿ ದನದ ಹಿಂಡಿ ಕೊಳ್ಳಲು ಬಂದಿದ್ದ ಮುದುಕಿ ಪಾರ್ವತವ್ವನಿಗೆ ತಡೆಯಲಾಗಲಿಲ್ಲ. "ಬೀಸೂಕಲ್ಲು ತಿರುವಿದಂಗ ಅನ್ನೋ ತಮ್ಮಾ, ನಡುವ ನಿಲ್ಲಸಬ್ಯಾಡ!" ಎಂದು ತಾಳ ಹಾಕಿದಳು. ಸಾಲಿನಲ್ಲಿದ್ದವರೆಲ್ಲ ದನಿಗೂಡಿಸಿದರು. ಕೊನೆಕೊನೆಗೆ ಯಾರಾದರೂ "ಸ್ಪಾಂ" ಅಂದರೆ ಸಾಕು, ಉಳಿದದ್ದು ವೀರಪ್ಪನ ಬಾಯಿಂದ ತಾನಾಗಿ ಉದುರತೊಡಗಿತು.

ಒಂದಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರ್ ಎದುರು ಒಂದೇ ಉಸಿರಿಗೆ ಒದರಿದ. ಅವರ ಕಣ್ಣಲ್ಲಿ ನೀರಾಡಿತು. "ಅಯ್ಯ ಶಿವನೇ! ಇಷ್ಟು ಬಾಯಿಪಾಠ ಆಗೇತಂದ್ರ ಎಷ್ಟು ವರ್ಷದಿಂದ ನರಳಾಕತ್ತೀರೋ! ಹೋಗ್ರಿ, ಹೋಗ್ರಿ."

ಯಲ್ಲಾಪುರದಲ್ಲಿ ಎಲ್ಲವೂ ಚಂದ. ಹುಡುಗಿ ಮಹೇಶ್ವರಿ ಚಹಾ ಕೊಡುವಾಗ ಸಣ್ಣಗೆ ನಕ್ಕಳು ಕೂಡ. ವೀರಪ್ಪನ ಜೀವ ಹೂವಿನಷ್ಟು ಹಗುರಾಯಿತು. ಅಷ್ಟರಲ್ಲಿ ಅವಳ ತಂದೆ ಬಸಪ್ಪ ಜೇಬಿನಿಂದ ಚೀಟಿ ತೆಗೆದರು.

"ಹುಡುಗ ಹೆಂಗ ಅಂತ ವಿಚಾರಸಾಕ ಮಧ್ಯಾಹ್ನ ನಿಮ್ಮ ಆಫೀಸಿಗೆ ಫೋನ್ ಹಚ್ಚಿದ್ದೆ. ಮ್ಯಾನೇಜರ್ ಮೇಡಂ ಭಾಳ ಹೊಗಳಿದ್ರು. ಆದ್ರ ಪಾಪ, ಎಂಥಾದೋ ದೊಡ್ಡ ಬ್ಯಾನಿ ಐತಿ ಅಂದ್ರು, ಹೆಸರು ಇದರಾಗ ಬರಕೊಂಡೀನಿ. ನಿಮ್ಮನ್ನ ನೋಡಿದ್ರ ಹಂಗ ಅನಸೂದಿಲ್ಲ. ಬ್ಯಾರೆ ವೀರಪ್ಪ ಇರಬೇಕು, ಅಲ್ರಿ?"

"ಹೌದ್ರಿ, ಹೌದ್ರಿ! ಬ್ಯಾರೆ ವೀರಪ್ಪ ಒಬ್ಬಾಂವ ಅದಾನ್ರಿ. ನನಗ ಆ ರೋಗದ ಹೆಸರೂ ಗೊತ್ತಿಲ್ರಿ!"

"ಹಂಗಾದ್ರ ಬಿಡ್ರಿ, ಚಿಂತಿ ಹೋತು." ಚೀಟಿ ಹರಿಯಲು ಹೋದ ಬಸಪ್ಪ, ಸುಮ್ಮನೆ ಕುತೂಹಲಕ್ಕೆಂದು ಕಣ್ಣು ಕಿರಿದು ಮಾಡಿ ಓದಿದರು. "ಸ್ಪಾಂ..."

"ಡಿಲೋಲಿಸ್‌ಥೀಸಿಸ್!" ಎಂದಿತು ವೀರಪ್ಪನ ನಾಲಿಗೆ, ಒಂದು ತುಂಡೂ ಬಿಡದೆ.

ಮಹೇಶ್ವರಿ ಅವನ ಮುಂದಿದ್ದ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು. ಚಹಾ ಇನ್ನೂ ಅರ್ಧ ಉಳಿದಿತ್ತು.