ನಮ್ಮತ್ತೆಯ ಓಟಿಗೆ ಮುದ್ದೆ ಪರೀಕ್ಷೆ

ನಮ್ಮತ್ತೆ ಒಬ್ಬ ದೊಡ್ಡ ವಕೀಲರನ್ನು ಒಂದೇ ಒಂದು ರಾಗಿಮುದ್ದೆಯಿಂದ ಸೋಲಿಸಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ನಂಬುತ್ತಿರಲಿಲ್ಲ. ಆದರೆ ಆ ಮುದ್ದೆ ಕಟ್ಟಿದವಳೇ ನಾನಾದ್ದರಿಂದ ಬೇರೆ ದಾರಿಯಿಲ್ಲ.

ಮಂಡ್ಯ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ನಾನು ಮದ್ದೂರಿನಿಂದ ಪೂರಿಗಾಲಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತಷ್ಟೆ. ಮಹಾರಾಜರ ಪ್ರಜಾಪ್ರತಿನಿಧಿ ಸಭೆಗೆ ಎಲೆಕ್ಷನ್ನು ಬಂತು. ಆಗ ಈಗಿನ ಹಾಗೆ ಎಲ್ಲರಿಗೂ ಓಟು ಎಲ್ಲಿತ್ತು? ಇಷ್ಟು ಅಂತ ಕಂದಾಯ ಕಟ್ಟುವವರಿಗೆ ಮಾತ್ರ. ನಮ್ಮ ಮನೆಯ ಜಮೀನು ಅತ್ತೆಯ ತವರಿನಿಂದ ಬಂದದ್ದು. ಅವರಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಜಮೀನಿನ ಪಟ್ಟೆ, ಕಂದಾಯ ಎರಡೂ ಅತ್ತೆಯ ಹೆಸರಿನಲ್ಲಿದ್ದವು. ಹೀಗಾಗಿ ಮೂರು ಜೊತೆ ಮೀಸೆಯಿದ್ದ ಮನೆಯಲ್ಲಿ ಓಟು ಇದ್ದದ್ದು ಮೀಸೆಯಿಲ್ಲದ ಒಬ್ಬರಿಗೇ!

ಇದರಿಂದ ತುಂಬ ನೊಂದವರು ಚಿಕ್ಕಮಾವ, ಅಂದರೆ ಅತ್ತೆಯ ಮೈದುನ. ಪೂರಿಗಾಲಿಯಲ್ಲಿ ಪೇಪರನ್ನು ಜೋರಾಗಿ ಓದುತ್ತಿದ್ದವರು ಅವರೊಬ್ಬರೇ. ದಿವಾನರು ಯಾವ ಊರಿಗೆ ಹೋದರು, ಅಲ್ಲಿ ಏನು ಹೇಳಿದರು, ಏನು ಹೇಳಬೇಕಾಗಿತ್ತು, ಎಲ್ಲ ಅವರಿಗೆ ಗೊತ್ತು. ಓಟೊಂದು ಇರಲಿಲ್ಲ, ಪಾಪ! ಆದರೂ ಎಲೆಕ್ಷನ್ನಿಗೆ ನಿಂತಿದ್ದ ಮಳವಳ್ಳಿಯ ಸಾಹುಕಾರರೊಬ್ಬರಿಗೆ, "ನಮ್ಮತ್ತಿಗೆ ಓಟು ನಿಮ್ ಜೇಬಲ್ಲೇ ಐತೆ ಅನ್ಕಳಿ" ಎಂದು ಮಾತು ಕೊಟ್ಟು ಬಂದಿದ್ದರು.

ಸುದ್ದಿ ಅತ್ತೆಗೆ ಮುಟ್ಟಿತು.

"ನನ್ ಓಟು ಅವ್ರ್ ಜೇಬ್ಗೆ ಎಂಗಪ್ಪಾ ಓಯ್ತು? ಎತ್ತು ತಕ್ಕಳಾಗ ಒಂದ್ಸಲ ನೇಗ್ಲಿಗ್ ಕಟ್ಟಿ ನೋಡ್ತೀರಿ. ಇವರ್ನ ನೋಡ್ದೇನೇ ತಕ್ಕಬೇಕಾ? ಓಟ್ ಕೇಳೋರೆಲ್ಲ ನಮ್ಮನೇಲಿ ಬಂದು ಉಣ್ಲಿ. ಆಮ್ಯಾಕೆ ಯೋಳ್ತೀನಿ."

ಹೀಗೆ ಶುರುವಾಯಿತು ಮುದ್ದೆ ಪರೀಕ್ಷೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲ. ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ಗುಳುಂ ಎಂದು ನುಂಗಬೇಕು. ಹಲ್ಲಿಗೂ ಮುದ್ದೆಗೂ ಸಂಬಂಧವೇ ಇಲ್ಲ. ನುಂಗುವುದನ್ನು ನೋಡಿದರೆ ಮನುಷ್ಯ ನಮ್ಮವನೋ ಅಲ್ಲವೋ ತಿಳಿಯುತ್ತದೆ ಎಂಬುದು ಅತ್ತೆಯ ಸಿದ್ಧಾಂತ. ರಾಜ್ಯಶಾಸ್ತ್ರದಲ್ಲಿ ಇದಕ್ಕಿಂತ ಕೆಟ್ಟ ಸಿದ್ಧಾಂತಗಳಿಲ್ಲವೇ?

ಮೊದಲು ಬಂದವರು ಮೈಸೂರಿನ ವಕೀಲರು. ಪಡಸಾಲೆಯಲ್ಲಿ ಎಲೆ ಹಾಕಿದೆ. ಅವರು ರೈತರ ಕಷ್ಟದ ಬಗ್ಗೆ ಭಾಷಣ ಮಾಡುತ್ತಲೇ ಮುದ್ದೆ ಬಾಯಿಗಿಟ್ಟರು, ಇಟ್ಟು ಅಗಿದರು! ಮುದ್ದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮೆತ್ತಿಕೊಂಡು ಭಾಷಣ ಅಲ್ಲಿಗೇ ನಿಂತಿತು. ಅತ್ತೆ ನನ್ನ ಕಡೆ ತಿರುಗಿ, "ಅಗಿಯೋನ್ಗಾ ಓಟು? ಓಗ್ಲಿ ಬುಡು!" ಎಂದರು. ಪಿಸುಮಾತೆಂದುಕೊಂಡು ಅಂದದ್ದು, ಪಕ್ಕದ ಮನೆಯವರಿಗೂ ಕೇಳಿಸಿತು.

ಸಾಹುಕಾರರು ಕಾರಿನಲ್ಲಿ ಬಂದರು. ಮುದ್ದೆಯನ್ನು ನೋಡಿ, "ಅನ್ನ ಇಲ್ವಾ?" ಎಂದರು. ಚಿಕ್ಕಮಾವ ಕಣ್ಣು ಮುಚ್ಚಿಕೊಂಡರು. ಅತ್ತೆ ಬಹಳ ಮರ್ಯಾದೆಯಿಂದ, "ಅಬ್ಬದ್ ದಿನ ಬನ್ನಿ ಬುದ್ಧಿ, ಮಾಡಿರ್ತೀವಿ" ಎಂದು ಕಳಿಸಿಕೊಟ್ಟರು.

ಮೂರನೆಯವರು ಕಿರುಗಾವಲಿನ ಜವಳಿ ಸಾಬರು. ಅವರನ್ನು ಪಡಸಾಲೆಗೆ ಕರೆದದ್ದಕ್ಕೆ ಚಿಕ್ಕಮಾವ ಗೊಣಗಿದರು. ಸಾಬರೋ, ಕೆಂಪು ಟೋಪಿಯನ್ನು ಹಿಂದಕ್ಕೆ ಸರಿಸಿ, ನಾಲ್ಕು ತುತ್ತಿಗೆ ಮುದ್ದೆ ಮುಗಿಸಿ, "ಇನ್ನೊಂದ್ ಇಟ್ಬುಡಿ ಅಮ್ಮಾ" ಎಂದರು! ಅತ್ತೆಗೆ ಹಿಗ್ಗೋ ಹಿಗ್ಗು. "ನೋಡ್ದಾ? ನಿನ್ ಕಣ್ಗೆ ಬರೀ ಟೋಪಿ ಕಾಣ್ತದೆ ಕಣಪ್ಪ. ನನ್ ಮುದ್ದೆಗೆ ಜಾತಿ ಗೀತಿ ಇಲ್ಲ" ಎಂದು ಮೈದುನನ ಮುಖಕ್ಕೇ ಹೇಳಿದರು. ನಾನೂ ಇಂಥ ಅತ್ತೆ ಸಿಕ್ಕಿದ್ದಕ್ಕೆ ಬೀಗಿದೆ, ಸುಳ್ಳೇಕೆ?

ನಾಲ್ಕನೆಯವರು ಬಂದದ್ದು ಮಾರನೆಯ ವಾರ.

ಊರಾಚೆಯ ಕೇರಿಯ ಜನರಿಗೂ ಆ ಸಲ ಒಂದು ಜಾಗ ಮೀಸಲಿತ್ತು. ಅದಕ್ಕೆ ನಿಂತಿದ್ದವರು ಆ ಕೇರಿಯವರೇ, ಹಿಂದೆ ಮೇಷ್ಟ್ರಾಗಿದ್ದವರು. ಅತ್ತೆಗಿದ್ದದ್ದು ಒಂದೇ ಓಟು, ಬೇಕಾದರೆ ಅದನ್ನು ಅವರಿಗೂ ಹಾಕಬಹುದಿತ್ತು. ನಮ್ಮ ಬೀದಿಯಲ್ಲಿ ಅವರ ಜನ ಚಪ್ಪಲಿ ಮೆಟ್ಟುವಂತಿರಲಿಲ್ಲ. ಮೇಷ್ಟ್ರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದು ಬೇವಿನ ಮರದ ಕೆಳಗೆ ನಿಂತು, "ಅವ್ವಾ, ನಿಮ್ ಓಟು ಕೇಳಕ್ ಬಂದಿವ್ನಿ" ಎಂದರು.

ಅತ್ತೆ ಜಗಲಿಯಿಂದ ಎದ್ದರು, ಕೂತರು. ನನ್ನ ಮುಖ ನೋಡಿದರು. ಒಳಗೆ ಮುದ್ದೆ ಬಿಸಿಯಾಗಿಯೇ ಇತ್ತು. ಚಿಕ್ಕಮಾವ, "ಅತ್ತಿಗೆ, ಊರೋರು ಸುಮ್ಕಿರಾಕಿಲ್ಲ. ಕೊಟ್ಟಿಗೆ ತಾವ ಎಲೆ ಇಕ್ಸಿ" ಎಂದರು. ಅತ್ತೆ ಕೊನೆಗೆ ನನಗೆ ಹೂಂ ಎಂದು ತಲೆಯಾಡಿಸಿದರು. ಕೊಟ್ಟಿಗೆಯ ಪಕ್ಕ ಎಲೆಯಿಟ್ಟವಳು ನಾನು. ಅದನ್ನೂ ಹೇಳಿಬಿಡಬೇಕು.

ಮೇಷ್ಟ್ರು ಎಲೆಯನ್ನು ನೋಡಿ ಕೇಳಿದರು: "ಮಿಕ್ಕೋರು ಎಲ್ ಕೂತು ಉಂಡ್ರವ್ವಾ?"

"ಪಡಸಾಲೇಲಿ" ಎಂದರು ಅತ್ತೆ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ಅಂಗಾರೆ ನಂಗೆ ಅಸಿವಿಲ್ಲ. ಓಟು ನಿಮ್ಮಿಷ್ಟ. ಬತ್ತೀನಿ." ಕೈಮುಗಿದು ಹೊರಟೇಬಿಟ್ಟರು. ಅವತ್ತು ಅತ್ತೆಯೂ ಉಣ್ಣಲಿಲ್ಲ.

ಓಟಿನ ದಿನ ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಹೋದೆವು. ಓದಲು ಬಾರದವರಿಗೆಂದು ಒಬ್ಬೊಬ್ಬ ಉಮೇದುವಾರರಿಗೆ ಒಂದೊಂದು ಬಣ್ಣದ ಪೆಟ್ಟಿಗೆ ಇಟ್ಟಿದ್ದರು. ದಾರಿಯುದ್ದಕ್ಕೂ ಚಿಕ್ಕಮಾವ, "ಅಳದಿ ಪೆಟ್ಗೆ ಅತ್ತಿಗೆ, ಅಳದಿ, ಮರೀಬ್ಯಾಡಿ" ಎಂದು ಸಾಹುಕಾರರ ಬಣ್ಣವನ್ನು ಜಪಿಸಿದರು. ಎತ್ತುಗಳಿಗೂ ಬಾಯಿಪಾಠವಾಗಿರಬೇಕು! ಅತ್ತೆ ಒಳಗೆ ಹೋಗಿ ಬಂದರು.

"ಅಳದೀಗೆ ತಾನೇ?"

"ಇಲ್ಲ ಕಣಪ್ಪ. ಮೇಷ್ಟ್ರಿಗೆ ಹಾಕ್ದೆ."

"ಅಯ್ಯೋ! ಅವ್ನು ನಿಮ್ ಪರೀಕ್ಸೆಗೇ ಕೂರ್ನಿಲ್ವಲ್ಲಾ!"

"ಪರೀಕ್ಸೆ ಮಾಡ್ದೋನು ಅವ್ನೇ. ಫೇಲಾದೋಳು ನಾನು" ಎಂದು ಅತ್ತೆ ಗಾಡಿ ಹತ್ತಿದರು.

ಮೇಷ್ಟ್ರು ಗೆದ್ದರು. ಅತ್ತೆಯ ಓಟಿನಿಂದಲೇ ಗೆದ್ದರು ಎಂದು ಬರೆಯಲು ಆಸೆಯೇನೋ ಇದೆ, ಆದರೆ ಹಾಗಾಗಲಿಲ್ಲ. ಆಮೇಲೆ ಅತ್ತೆ ಯಾರಿಗೂ ಪರೀಕ್ಷೆ ಇಡಲಿಲ್ಲ. "ಅವ್ರು ಈ ದಾರೀಲಿ ಬಂದ್ರೆ ಪಡಸಾಲೇಲಿ ಎಲೆ ಹಾಕ್ಬೇಕು ಮಗಾ, ಯಾರ್ ಏನಂದ್ರೂ ಹಾಕು" ಎಂದು ನನಗೆ ಆಗಾಗ ಹೇಳುತ್ತಿದ್ದರು. "ಹೇಳಿ ಕಳಿಸೋಣವೇ?" ಎಂದರೆ, "ಯಾವ ಮಕ ಇಟ್ಕಂಡು ಕರೀಲಿ?" ಎನ್ನುವರು. ಮೇಷ್ಟ್ರು ಬರಲಿಲ್ಲ. ಯಾಕಾದರೂ ಬಂದಾರು?

ನಾಲ್ಕು ವರ್ಷ ಕಳೆದು ಅತ್ತೆ ತೀರಿಕೊಂಡರು. ಹನ್ನೊಂದನೆಯ ದಿನದ ತಿಥಿಗೆ ಮೇಷ್ಟ್ರು ಬಂದು ಹೊರಗೆ ನಿಂತಿದ್ದಾರೆಂದು ಯಾರೋ ಹೇಳಿದರು. ನಾನೇ ಹೋಗಿ, "ಒಳಗೆ ಬನ್ನಿ, ಅತ್ತೆ ಹೇಳಿ ಹೋಗಿದ್ದಾರೆ" ಎಂದೆ. ಚಿಕ್ಕಮಾವ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪಡಸಾಲೆಯಲ್ಲಿ ಕೂತಿದ್ದ ಇಬ್ಬರು ನೆಂಟರು ಎದ್ದುಹೋದರು. ಮೇಷ್ಟ್ರು ಒಂದು ಕ್ಷಣ ನಿಂತು, ಆಮೇಲೆ ಬಂದು ಕೂತರು. ನಾನು ಎಲೆ ಹಾಕಿ ಬಡಿಸಿದೆ. ಹನ್ನೆರಡು ದಿನ ಮೊದಲು ಬಂದಿದ್ದರೆ ಅತ್ತೆ ತಾವೇ ಬಡಿಸುತ್ತಿದ್ದರಲ್ಲಾ ಎಂದು ನನಗೆ ಅಳು ತಡೆಯಲಾಗಲಿಲ್ಲ.